ಹಳೇ ಬ್ಯಾಚ್ ಗುಂಪಿನಲ್ಲಿ ಡ್ರೈಸೂಟ್ ಜಗಳ

ರವಿ, ನಾಗೇಶ ಇಬ್ಬರೂ ಸ್ಕಾಟ್ಲೆಂಡ್‌ನಲ್ಲಿದ್ದಾರೆ. ಮೈಕಟ್ಟು ಒಂದೇ ಅಂತ ಅರ್ಧರ್ಧ ದುಡ್ಡು ಹಾಕಿ ಒಂದು ಹಳೇ ಡ್ರೈಸೂಟ್ ಕೊಂಡರು. ತಣ್ಣನೆ ನೀರಿನಲ್ಲಿ ಡೈವಿಂಗ್ ಮಾಡುವಾಗ ಮೈ ಒದ್ದೆಯಾಗದಂತೆ ಹಾಕುವ, ಒಳಗೆ ಗಾಳಿ ಇರುವ ಸೂಟ್ ಅದು. ನಮ್ಮ ಮೆಕ್ಯಾನಿಕಲ್ ಬ್ಯಾಚ್ ಗುಂಪಿನಲ್ಲಿ ಅದರ ಮೇಲೆ ನಡೆದ ಮಾತುಕತೆ ಇದು. ನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನು ತೆಗೆದಿದ್ದೇನೆ.

ನಾಗೇಶ: ರವಿ, ನೀನು ಸೂಟ್ ವಾಪಸ್ ಕೊಟ್ಟ ಮೇಲೆ ನನ್ನ ಎಡಗೈ ಪೂರ್ತಿ ಒದ್ದೆ. ನೀರು 8 ಡಿಗ್ರಿ ಇತ್ತು ಕಣೋ! ಗಾಳಿ ಹೊರಗೆ ಬಿಡುವ ತೋಳಿನ ಎಕ್ಸಾಸ್ಟ್ ವಾಲ್ವ್ ಕೆಟ್ಟಿದೆ. ನೀನೇ ಹೊಸದು ಹಾಕಿಸು.

ರವಿ: ನಾನು ಹಾಕಿಕೊಂಡಾಗ ಒಂದು ಹನಿ ಬಂದಿರಲಿಲ್ಲ. ಇರಲಿ, ಇದನ್ನು ನೋಡು.

(ಫೋಟೋ)

ರವಿ: ಮಣಿಕಟ್ಟಿನ ವಾಲ್ವ್, ಸೆಕೆಂಡ್ ಹ್ಯಾಂಡ್, ತುಂಬಾ ಅಗ್ಗ. ತಿರುಗಿಸುವ ಗುಂಡಿ ಇಲ್ಲ, ಸೆಟ್ಟಿಂಗ್ ಇಲ್ಲ. ಕೆಡುವುದಕ್ಕೆ ಅದರಲ್ಲಿ ಏನಿದೆ?

ಪ್ರಕಾಶ: ಪೀಣ್ಯದಲ್ಲಿ ಇಷ್ಟು ವರ್ಷ ವಾಲ್ವ್ ಮಾಡಿಸಿದವನಾಗಿ ಹೇಳುತ್ತೇನೆ. ಬಿಡಿಭಾಗ ಕಡಿಮೆ ಇದ್ದಷ್ಟೂ ತಲೆನೋವು ಕಡಿಮೆ. ನನ್ನ ವೋಟು ರವಿಗೆ.

ಉಮೇಶ: ರೇನ್‌ಕೋಟಿಗೆ ವಾಲ್ವ್ ಯಾಕೆ?

(ಉಮೇಶನಿಗೆ ಯಾರೂ ಉತ್ತರ ಕೊಡಲಿಲ್ಲ. ಶ್ವೇತಾ ಟೈಪ್ ಮಾಡುತ್ತಿದ್ದಳು. ಮುರುಡೇಶ್ವರದಿಂದ ನೇತ್ರಾಣಿಗೆ ಡೈವಿಂಗ್ ಕರೆದುಕೊಂಡು ಹೋಗುವವಳು. ಅಲ್ಲಿ ಡ್ರೈಸೂಟ್ ಯಾರಿಗೂ ಬೇಡ. ಆದರೆ ಮುಂಚೆ ಐಸ್‌ಲ್ಯಾಂಡ್‌ನ ಸಿಲ್ಫ್ರಾದಲ್ಲಿ, 2ರಿಂದ 4 ಡಿಗ್ರಿ ನೀರಿನಲ್ಲಿ ಕೆಲಸ ಮಾಡಿದ್ದಾಳೆ.)

ಶ್ವೇತಾ: ರವಿ, ಕೆಡದಿದ್ದರೆ ಸಾಕಾ ಮಾರಾಯ? ಬೇಕಾದಾಗ ಗಾಳಿ ಬಿಡಬೇಕು, ಬೇಡದಾಗ ಹಿಡಿದಿಟ್ಟುಕೊಳ್ಳಬೇಕು. 10 ಮೀಟರ್ ಆಳದಲ್ಲಿ ಸೂಟ್ ಒಳಗಿದ್ದ ಗಾಳಿ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಬಿಡದಿದ್ದರೆ ಅದೇ ನಿನ್ನನ್ನು ಎಳೆದುಕೊಂಡು ಮೇಲೆ ಹೋಗುತ್ತದೆ. ಗಾಳಿ ಕಾಲಿಗೆ ಸೇರಿದರೆ ತಲೆಕೆಳಗಾಗಿ ಹೋಗುತ್ತೀಯ. ತೋಳಿನ ವಾಲ್ವ್ ಆದರೆ ಪೂರ್ತಿ ತೆರೆದಿಟ್ಟು ಮೊಣಕೈ ಎತ್ತಿದರೆ ಸಾಕು. ಮಣಿಕಟ್ಟಿನದ್ದಕ್ಕೆ ಇಡೀ ಕೈ ಎತ್ತಬೇಕು. ಮೇಲೆ ಬರುವಾಗ ಆ ಕೈಯಲ್ಲಿ ಹಗ್ಗ ಹಿಡಿದಿದ್ದರೆ ಏನು ಮಾಡುತ್ತೀಯ? ಇನ್ನು ಸುಮ್ನೆ ಏನನ್ನೋ ತೋರಿಸಲು ಕೈ ಎತ್ತಿದರೂ ಗಾಳಿ ಖಾಲಿ. ಆಮೇಲೆ ಚಳಿ.

ಪ್ರಕಾಶ: ಒಂದು ಡೌಟು. 30 ಮೀಟರ್‌ನಲ್ಲಿ 4 ಬಾರ್ ಒತ್ತಡ. ಅಷ್ಟನ್ನು ತಳ್ಳಿಕೊಂಡು ಆ ಪುಟ್ಟ ವಾಲ್ವ್ ತೆರೆಯುತ್ತದಾ?

ಶ್ವೇತಾ: ಒಳಗೂ ಹತ್ತಿರಹತ್ತಿರ ಅಷ್ಟೇ ಒತ್ತಡ ಇರುತ್ತದೆ. ಸ್ಪ್ರಿಂಗ್‌ಗೆ ಬೇಕಾದ್ದು ವ್ಯತ್ಯಾಸ ಮಾತ್ರ. ತೋಳು ಮೇಲಿದ್ದರೆ ಅಲ್ಲಿ ಹೊರಗಿನ ನೀರಿನ ಒತ್ತಡ ಸ್ವಲ್ಪ ಕಡಿಮೆ. ಗಾಳಿಯೂ ಅಲ್ಲೇ ಬಂದು ಸೇರಿರುತ್ತದೆ. ಅಷ್ಟಕ್ಕೇ ತೆರೆದುಕೊಳ್ಳುತ್ತದೆ.

ಉಮೇಶ: ಓ, ಕೈ ಎತ್ತಿದರೆ ಹಗುರವಾಗುವ ಕುಕ್ಕರ್ ವೆಯ್ಟು.

ಪ್ರಕಾಶ: ನನ್ನ ವೋಟು ವಾಪಸ್.

ಶ್ವೇತಾ: ನಾಗೇಶ, ಅದು ವಾಲ್ವಿನದೇ ತಪ್ಪು ಅಂತ ಗ್ಯಾರಂಟಿನಾ? ಮಣಿಕಟ್ಟಿನ ನರ ಉಬ್ಬಿದ ಕಡೆ ಸೀಲ್, ಅಂದರೆ ನೀರು ತಡೆಯುವ ಬಿಗಿ ಪಟ್ಟಿಯ ಸಂದಿಯಲ್ಲಿ ನೀರು ನುಗ್ಗುತ್ತದೆ. ಕೈ ಎತ್ತಿದ ಕೂಡಲೇ ತೋಳಿಗೆ ಇಳಿಯುತ್ತದೆ. ಜನ ವಾಲ್ವಿಗೆ ಬೈಯುತ್ತಾರೆ.

ರವಿ: ಇವನ ವಿಡಿಯೋ ನೋಡಿ ಮೊದಲು. ಮೇಲೆ ಬರುತ್ತಾ ವಾಲ್ವ್ ಒತ್ತುತ್ತಲೇ ಇದ್ದಾನೆ!

ಶ್ವೇತಾ: ಒಳಗೆ ಗಾಳಿ ಇಲ್ಲದಾಗ ಒತ್ತಿದರೆ ನೀರು ಬರದೆ ಇನ್ನೇನು ಬರುತ್ತದೆ? ಕತ್ತಿನ ಸೀಲ್‌ಗೆ ಒಂದು ಚೆಂಡು, ಮಣಿಕಟ್ಟುಗಳಿಗೆ ಬಾಟಲಿ ಸಿಕ್ಕಿಸು. ವಾಲ್ವ್ ಪೂರ್ತಿ ಮುಚ್ಚು. ಗಾಳಿ ತುಂಬಿ ಸೋಪಿನ ನೀರು ಹಚ್ಚು.

(ಸಂಜೆ)

ನಾಗೇಶ: ಮಣಿಕಟ್ಟು ಸರಿಯಾಗಿದೆ. ಗುಳ್ಳೆ ವಾಲ್ವಿನ ಮಧ್ಯದಿಂದಲೇ ಬರುತ್ತಿದೆ. ನಾನು ಹೇಳಿರಲಿಲ್ಲವಾ?

ಶ್ವೇತಾ: ಸೂಟ್ ಒಳಗಡೆಯಿಂದ ನೋಡು. ವಾಲ್ವಿನ ಹಿಂಬದಿ ತೂತುಗಳಲ್ಲಿ ಏನಾದರೂ ಇದೆಯಾ?

ನಾಗೇಶ: ಉಣ್ಣೆಯ ಹಿಂಜು ಥರ ಏನೋ ಇದೆ. ನೀಲಿ ಬಣ್ಣ.

ರವಿ: ನಾನು ಸೂಟ್ ಒಳಗೆ ಹಾಕುವ ಬಟ್ಟೆ ಕಪ್ಪು 🙂

ಶ್ವೇತಾ: ಅದು ಡಯಾಫ್ರಮ್, ಅಂದರೆ ವಾಲ್ವಿನ ಬಾಯಿ ಮುಚ್ಚುವ ರಬ್ಬರ್ ಬಿಲ್ಲೆಯ ಕೆಳಗೆ ಸಿಕ್ಕಿಕೊಂಡಿದ್ದರೆ ಬಾಯಿ ಮುಚ್ಚುವುದಿಲ್ಲ. ಉಪ್ಪು, ಮರಳು, ಕೂದಲು ಸಿಕ್ಕಿಕೊಂಡರೂ ಇದೇ ಗತಿ. ಉಗುರು ಬೆಚ್ಚಗಿನ ಸಿಹಿನೀರಿನಲ್ಲಿ ನೆನೆಸಿ, ಗುಂಡಿ ಒತ್ತಿ ಒತ್ತಿ ತೊಳೆ. ಮತ್ತೆ ಸೋಪು ಹಚ್ಚಿ ನೋಡು.

ನಾಗೇಶ: ಗುಳ್ಳೆ ಕಡಿಮೆಯಾಗಿದೆ, ನಿಂತಿಲ್ಲ.

ಶ್ವೇತಾ: ಹಾಗಾದರೆ ಹೊಸದೇ ಆಗಬೇಕು. ಇಂಗ್ಲೆಂಡ್‌ನ ಏಪೆಕ್ಸ್ ಕಂಪನಿ ಆಗಲಿ, ಸ್ವೀಡನ್‌ನ ಎಸ್‌ಐ ಟೆಕ್ ಆಗಲಿ, ಎರಡರ ಮೇಲೂ ನನಗೆ ನಂಬಿಕೆ ಇದೆ. ಈಗ ಇರುವ ಕಂಪನಿಯದ್ದನ್ನೇ ತೆಗೆದುಕೊಳ್ಳಿ. ಬೇರೆಯದ್ದು ಅದೇ ತೂತಿಗೆ, ಅದೇ ಹಿಂಬದಿ ತಟ್ಟೆಗೆ ಕೂರುತ್ತದೆ ಅಂತ ಹೇಳಲಾಗದು. ಸೆಕೆಂಡ್ ಹ್ಯಾಂಡ್ ಮಾತ್ರ ಬೇಡ. ಅದರ ರಬ್ಬರ್ ಎಷ್ಟು ಬಿಸಿಲು ಕುಡಿದಿದೆಯೋ ಯಾರಿಗೆ ಗೊತ್ತು?

ರವಿ: ನೀಲಿ ಹಿಂಜಿನವನೇ ದುಡ್ಡು ಕೊಡಲಿ.

ನಾಗೇಶ: ಹಳೇ ವಾಲ್ವಿಗೆ ಇಬ್ಬರೂ ದುಡ್ಡು ಹಾಕಿದ್ದೆವು. ಹೊಸದಕ್ಕೂ ಇಬ್ಬರೂ ಹಾಕೋಣ. ಅರ್ಧ ಕಳಿಸು, ಇವತ್ತೇ ಆರ್ಡರ್ ಮಾಡುತ್ತೇನೆ. ಮುಂದಿನ ತಿಂಗಳು ಸ್ಕಾಪಾ ಫ್ಲೋಗೆ ಹೋಗಬೇಕು.

ಉಮೇಶ: ಅಲ್ಲೇನಿದೆ?

ನಾಗೇಶ: ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರ ಜೂನ್ 21ರಂದು ಜರ್ಮನ್ನರು ತಮ್ಮ ಯುದ್ಧನೌಕೆಗಳನ್ನು ಅಲ್ಲಿ ತಾವೇ ಮುಳುಗಿಸಿದರು. ಕೆಲವು ಇನ್ನೂ ತಳದಲ್ಲಿವೆ. ಬೋಟ್ ಬುಕ್ ಆಗಿದೆ.

ರವಿ: ಯಾವ ಬೋಟ್? ನಾನೂ ಮುಂದಿನ ತಿಂಗಳೇ ಬುಕ್ ಮಾಡಿದ್ದೇನಲ್ಲ!

ಶ್ವೇತಾ: ಇಬ್ಬರದ್ದೂ ತಾರೀಖು ಯಾವುದು?

ನಾಗೇಶ: 14.

ರವಿ: 14.

ಉಮೇಶ: ಸೂಟ್ ಒಂದೇ ಅಲ್ವಾ?