ಮಂಡಿ ಆಪರೇಷನ್ ನಂತರ ಚೇತರಿಕೆ: ಡಿಗ್ರಿ ಅಳೆದರೆ ಸಾಕಾ?

ಹಿರಿಮಗಳು ಕೇಳಿದ್ದು:
ಅಮ್ಮನಿಗೆ ಮಂಡಿ ಬದಲಿ ಆಪರೇಷನ್ ಆಗಿ ಎರಡು ತಿಂಗಳು ಕಳೆದಿದೆ. ತೋರಿಸಲು ಹೋದಾಗಲೆಲ್ಲ ಮಂಡಿ ಎಷ್ಟು ಬಾಗುತ್ತದೆ ಅಂತ ಅಳೆಯುತ್ತಾರೆ. 110 ಡಿಗ್ರಿ ಬಂದಿದೆ, ಚೆನ್ನಾಗಿದೆ ಅನ್ನುತ್ತಾರೆ. ಆಕ್ಸ್‌ಫರ್ಡ್ ನೀ ಸ್ಕೋರ್ ಅನ್ನುವ, ನೋವು ಮತ್ತು ದಿನದ ಕೆಲಸಗಳ ಬಗ್ಗೆ ಅಮ್ಮನೇ ಉತ್ತರಿಸುವ 12 ಪ್ರಶ್ನೆಗಳ ಹಾಳೆ ತುಂಬಿಸುತ್ತಾರೆ, ಅದರಲ್ಲೂ ಅಂಕ ಏರಿದೆ. ಅಮ್ಮನೂ ನೋವಿಲ್ಲ, ಆರಾಮಾಗಿದ್ದೀನಿ ಅನ್ನುತ್ತಾರೆ. ಆದರೆ ಜೊತೆಗೆ ನಡೆಯುವವಳು ನಾನು. ತುಂಬಾ ನಿಧಾನ. ಕುರ್ಚಿಯಿಂದ ಏಳಲು ಎರಡೂ ಕೈ ಊರುತ್ತಾರೆ, ಭಾರವೆಲ್ಲ ಇನ್ನೊಂದು ಕಾಲಿನ ಮೇಲೆ. ಯಾವುದನ್ನು ನಂಬಲಿ?

ಫಿಸಿಯೋ ಅಕ್ಕ:
ನೀವು ಕಣ್ಣಾರೆ ಕಂಡದ್ದನ್ನೇ ನಂಬಿ. ಸಮನೆಲದಲ್ಲಿ ನಡೆಯಲು ಮಂಡಿ ಸುಮಾರು 60 ಡಿಗ್ರಿ ಬಾಗಿದರೆ ಸಾಕು. ಅಂದರೆ ಅಮ್ಮನ ತೊಂದರೆ ಬಾಗುವುದರಲ್ಲಿ ಇಲ್ಲ. ಕಾಲು ಪೂರ್ತಿ ನೆಟ್ಟಗಾಗುತ್ತದಾ ಅಂತ ಮಾತ್ರ ಕೇಳಿ ನೋಡಿ, ಅದನ್ನು ಎಷ್ಟೋ ಸಲ ಮರೆತುಬಿಡುತ್ತಾರೆ.

ಪ್ರಶ್ನೆಗಳ ಹಾಳೆ ಸುಳ್ಳು ಹೇಳುವುದಿಲ್ಲ. ಆದರೆ ವರ್ಷಗಟ್ಟಲೆ ಕಾಡಿದ ನೋವು ಹೋದಾಗ ಎಲ್ಲವೂ ಸುಲಭ ಅನ್ನಿಸುತ್ತದೆ, ಅಲ್ವಾ? ಆಪರೇಷನ್ ಆದ ಮೊದಲ ವಾರಗಳಲ್ಲಿ ಹಾಳೆಯ ಅಂಕ ಏರಿ, ನಡೆಯುವ ವೇಗ ಮಾತ್ರ ಮೊದಲಿಗಿಂತ ಕಡಿಮೆ ಆಗಿರುವುದು ಸಾಮಾನ್ಯ. ಕಾರಣ ತೊಡೆಯ ಮುಂಭಾಗದ ಸ್ನಾಯು. ಮಂಡಿ ಊದಿಕೊಂಡಿದ್ದರೆ ಆ ಸ್ನಾಯುವಿಗೆ ನರದ ಆಜ್ಞೆಯೇ ಸರಿಯಾಗಿ ತಲುಪುವುದಿಲ್ಲ. ಆಪರೇಷನ್ ಆದ ಒಂದು ತಿಂಗಳಿಗೆ ಅದರ ಬಲ ಅರ್ಧಕ್ಕಿಂತ ಜಾಸ್ತಿ ಇಳಿದಿರಬಹುದು. ಕೈ ಊರಿ ಏಳುವುದು ಅದಕ್ಕೇ.

ನಡಿಗೆಯನ್ನು ನಡೆಸಿಯೇ ಅಳೆಯಬೇಕು. ಮನೆಗೆ ಸುಲಭವಾದದ್ದು 'ಟೈಮ್ಡ್ ಅಪ್ ಆಂಡ್ ಗೋ'. ಕುರ್ಚಿಯಿಂದ 3 ಮೀಟರ್ ದೂರದಲ್ಲಿ ಗುರುತು ಹಾಕಿ. ಎದ್ದು, ಗುರುತಿನವರೆಗೆ ನಡೆದು, ತಿರುಗಿ ಬಂದು ಕೂರುವವರೆಗೆ ಎಷ್ಟು ಸೆಕೆಂಡ್ ಅಂತ ಬರೆದಿಡಿ. ಓಡಿಸಬೇಡಿ, ಅವರ ಮಾಮೂಲಿ ನಡಿಗೆಯೇ ಇರಲಿ. ನೀವು ಪಕ್ಕದಲ್ಲೇ ಇರಿ. ಪ್ರತಿ ಸಲ ಅದೇ ಕುರ್ಚಿ, ಅದೇ ಚಪ್ಪಲಿ, ಕೋಲಿದ್ದರೆ ಅದೇ ಕೋಲು.

ಇನ್ನೊಂದು, ಎದೆ ಮೇಲೆ ಕೈ ಕಟ್ಟಿಕೊಂಡು 30 ಸೆಕೆಂಡಿನಲ್ಲಿ ಎಷ್ಟು ಸಲ ಕುರ್ಚಿಯಿಂದ ಏಳುತ್ತಾರೆ ಅನ್ನುವ ಎಣಿಕೆ. ಇದರಲ್ಲಿ ಕೈ ಊರುವಂತಿಲ್ಲ. ಈಗಲೇ ಬೇಡ, ಫಿಸಿಯೋ ಹತ್ತಿರ ಇದ್ದಾಗ ಮಾಡಿಸಿ. 6 ನಿಮಿಷ ನಡೆದು ದೂರ ಅಳೆಯುವ ಪರೀಕ್ಷೆಯೂ ಅಲ್ಲೇ ಆಗಲಿ, ಅದಕ್ಕೆ ಉದ್ದದ ಮೊಗಸಾಲೆ ಬೇಕು.

ಹಳೆ ಮಂಡಿ:
ನನಗೂ ಇದೇ ಆಪರೇಷನ್ ಆಗಿದೆ. ಡಿಗ್ರಿ ಕೇಳಿ ಕೇಳಿ ನನ್ನ ಗಮನವೆಲ್ಲ ಕಾಲು ಬಗ್ಗಿಸುವುದರಲ್ಲೇ ಇತ್ತು. ಮೆಟ್ಟಿಲು ಇಳಿಯುವಾಗ ಕಾಲು ನಡುಗುತ್ತಿತ್ತು, ಅದನ್ನು ಯಾರೂ ಕೇಳಲಿಲ್ಲ, ನಾನೇ ಹೇಳಬೇಕಾಯಿತು. ತೊಡೆಯ ವ್ಯಾಯಾಮ ಜಾಸ್ತಿ ಮಾಡಿಸಿದ ಮೇಲೆ ಸರಿಯಾಯಿತು. ಅಮ್ಮನಿಗೆ ಮೆಟ್ಟಿಲು ಹೇಗಿದೆ ಅಂತಲೂ ಕೇಳಿ ಮೇಡಂ. ಹತ್ತುವುದಕ್ಕಿಂತ ಇಳಿಯುವುದನ್ನು ನೋಡಿ.

ಹಿರಿಮಗಳು:
ಇಬ್ಬರಿಗೂ ಥ್ಯಾಂಕ್ಸ್. ಎದ್ದು ನಡೆದು ಬಂದು ಕೂರುವುದಕ್ಕೆ ಹೋದ ವಾರ 17 ಸೆಕೆಂಡ್ ಬಂದಿತ್ತು, ಇವತ್ತು 16. ಸುಧಾರಿಸಿದೆ ಅನ್ನಬಹುದಾ ಅಕ್ಕ? ಮೆಟ್ಟಿಲು ಇಳಿಯುವಾಗ ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಇಡುತ್ತಾರೆ.

ಫಿಸಿಯೋ ಅಕ್ಕ:
ಇನ್ನೂ ಅನ್ನಲಾಗದು. ಮಂಡಿ ಬದಲಿಸಿದವರಲ್ಲಿ ಈ ಪರೀಕ್ಷೆ ಸುಮಾರು 2.5 ಸೆಕೆಂಡಿನವರೆಗೆ ಸುಮ್ನೆ ಹಿಂದೆ ಮುಂದೆ ಆಗುತ್ತಿರುತ್ತದೆ. 6 ನಿಮಿಷದ ನಡಿಗೆಯಲ್ಲಿ ಸುಮಾರು 60 ಮೀಟರ್ ಏರಿದರೆ ಮಾತ್ರ ನಿಜವಾದ ಬದಲಾವಣೆ ಅಂತ ಹಿಡಿಯುತ್ತೇವೆ. ಹಾಗಂತ ಬೇಜಾರಾಗಬೇಡಿ. ಮೊದಲ ಆರು ತಿಂಗಳು ಸುಧಾರಣೆ ಚುರುಕಾಗಿರುತ್ತದೆ, ಆಮೇಲೂ ವರ್ಷದವರೆಗೆ ನಿಧಾನವಾಗಿ ನಡೆಯುತ್ತದೆ. ಅಮ್ಮನಿಗೆ ಸಮಯ ಇದೆ. ದಿನಾ ಅಳೆದು ಅವರನ್ನು ಸುಸ್ತು ಮಾಡಬೇಡಿ, ಎರಡು ಮೂರು ವಾರಕ್ಕೊಮ್ಮೆ ಸಾಕು. ಮುಂದಿನ ಸಲ ಹೋದಾಗ ಬರೆದಿಟ್ಟ ಸೆಕೆಂಡುಗಳನ್ನು ತೋರಿಸಿ, ಕೈ ಊರುವುದನ್ನೂ ಮೆಟ್ಟಿಲಿನ ವಿಷಯವನ್ನೂ ಹೇಳಿ, ಎರಡೂ ತೊಡೆಗಳ ಬಲ ಹೋಲಿಸಿ ನೋಡಿ ಅಂತ ನೀವೇ ಕೇಳಿ.