ಮಗಳಿಗೆ ಮೈಟೊಕಾಂಡ್ರಿಯಾ ಕಾಯಿಲೆ: ರಾತ್ರಿ ದವಾಖಾನ್ಯಾಗ ವಾಲ್‌ಪ್ರೊಯೇಟ್ ಹಾಕತೀವಿ ಅಂದ್ರ ಏನ್ ಮಾಡೂದು?

ಮುಧೋಳದ ತಾಯಿ:

ಎಲ್ಲರಿಗೂ ನಮಸ್ಕಾರ್ರಿ. ನನ್ನ ಮಗಳಿಗೆ ಆರು ವರ್ಷ. ಲೀ ಸಿಂಡ್ರೋಮ್ ಅಂತ ಬೆಂಗಳೂರಾಗ ಹೇಳ್ಯಾರ, ಅಂದ್ರ ಜೀವಕೋಶಕ್ಕ ಶಕ್ತಿ ಮಾಡಿ ಕೊಡೂ ಮೈಟೊಕಾಂಡ್ರಿಯಾ ಸರಿಯಾಗಿ ನಡಿಯದ ಮೆದುಳಿಗೆ ಪೆಟ್ಟು ಬೀಳೂ ಕಾಯಿಲೆ. ಜೀನ್ ಟೆಸ್ಟ್‌ನ್ಯಾಗ ಸರ್ಫ್-1 ಅನ್ನೂ ಜೀನ್ ಕೆಟ್ಟೈತಿ ಅಂತ ಬಂದೈತಿ. ನಡಿಯೂದು ಆಗೂದಿಲ್ಲ, ಮಾತು ಕಡಿಮಿ, ಆದ್ರ ತಿಳುವಳಿಕಿ ಭಾಳ ಐತಿ. ಅವರಪ್ಪ ಕಬ್ಬು ಇಳಿಸಿ ಟ್ರ್ಯಾಕ್ಟರ್ ಓಣ್ಯಾಗ ತಂದ್ರ ಸಪ್ಪಳಕ್ಕನ ನಗತಾಳ. ಫಿಟ್ಸ್‌ಗೆ ಲೆವೆಟಿರಾಸೆಟಮ್ ಸಿರಪ್ ಮುಂಜಾನೆ ಒಮ್ಮೆ, ರಾತ್ರಿ ಒಮ್ಮೆ ಕೊಡತೀವಿ.

ಹೋದ ವಾರ ಜ್ವರ ಬಂತು, ಅದರ ಜೋಡಿ ವಾಂತಿ. ರಾತ್ರಿ ಸಿರಪ್ ಹೊಟ್ಟ್ಯಾಗ ನಿಲ್ಲಲಿಲ್ಲ. ನಡುರಾತ್ರಿ ಫಿಟ್ಸ್ ಶುರು ಆತು, ಹತ್ತಿರದ ದವಾಖಾನಿಗೆ ಎತ್ತಿಕೊಂಡು ಓಡಿದ್ವಿ. ಮೊದಲನೇ ಇಂಜೆಕ್ಷನ್‌ಗೆ ನಿಲ್ಲಲಿಲ್ಲ, ಡ್ಯೂಟಿ ಡಾಕ್ಟರು ವಾಲ್‌ಪ್ರೊಯೇಟ್ ಹಾಕತೀನಿ ಅಂದ್ರು. ಬ್ಯಾಡ್ರಿ, ನಮ್ಮ ಡಾಕ್ಟರು ಅದನ್ನ ಕೊಡಬಾರದು ಅಂದಾರ ಅಂದೆ. "ಎಲ್ಲಾ ಮಕ್ಕಳಿಗೂ ಕೊಡತೀವಲ್ಲವಾ" ಅಂದ್ರು. ಫೈಲ್ ಕೈಯಾಗ ಇತ್ತು, ಆದ್ರ ಅಷ್ಟು ದಪ್ಪ ಫೈಲಿನ್ಯಾಗ ಆ ಒಂದು ಸಾಲು ಹುಡುಕಿ ತೋರಸೂದ್ರಾಗ ನನ್ನ ಜೀವ ಬಾಯಿಗೆ ಬಂದಿತ್ತು. ಓದಿ ನೋಡಿದ ಮ್ಯಾಲೆ ಲೆವೆಟಿರಾಸೆಟಮ್ಮನ್ನೇ ಸಲೈನ್‌ನ್ಯಾಗ ಕೊಟ್ರು, ನಿಂತು.

ನೀವೆಲ್ಲ ಇಂಥಾ ಹೊತ್ತಿನ್ಯಾಗ ಹೆಂಗ ಹೇಳತೀರಿ? ವಾಂತಿ ಆದ ಔಷಧ ಮತ್ತ ಕೊಡಬೇಕೇನು? ಸಿರಪ್ ಶುರು ಮಾಡಿದಾಗಿಂದ ಆಕಿಗೆ ಸಿಟ್ಟು ಭಾಳ, ತನ್ನ ಕೈ ತಾನ ಕಡಕೊಳ್ತಾಳ. ಇನ್ನೊಂದು, ನಾನು ಸ್ವಾದರತ್ತಿ ಮಗನ್ನ ಮದುವಿ ಆಗೇನಿ. ಈಗ ಮನ್ಯಾಗ "ಇದು ತಾಯಿಯಿಂದ ಬರೂ ರೋಗಂತ, ಫೋನಿನ್ಯಾಗ ನೋಡೀವಿ" ಅಂತಾರ. ಖರೇನ?

ಗೋಕಾಕದ ಮಾಸ್ತರ:

ಅಕ್ಕಾರ, ಕೊನೀ ಮಾತಿಗೆ ಮೊದಲ ಉತ್ತರ ಹೇಳತೀನಿ. ಖರೇ ಅಲ್ರಿ. ಮೈಟೊಕಾಂಡ್ರಿಯಾದ ಒಳಗ ಇರೂ ಡಿಎನ್‌ಎದಾಗ ಬರೇ 37 ಜೀನ್ ಅದಾವ, ಅವಷ್ಟ ತಾಯಿಯಿಂದ ಬರೂವು. ಮೈಟೊಕಾಂಡ್ರಿಯಾ ನಡಸೂ ಉಳಿದ ಸಾವಿರಕ್ಕೂ ಹೆಚ್ಚು ಜೀನ್ ತಂದಿ-ತಾಯಿ ಇಬ್ಬರಿಂದಲೂ ಬರತಾವ. ಸರ್ಫ್-1 ಇರೂದು 9ನೇ ಕ್ರೋಮೋಸೋಮಿನ ಮ್ಯಾಲೆ. ಇಬ್ಬರ ಕಡಿಂದನೂ ಕೆಟ್ಟ ಪ್ರತಿ ಬಂದ್ರಷ್ಟ ಮಗೂಗೆ ರೋಗ. ಪ್ರತಿ ಬಸಿರಿಗೂ ನಾಲ್ಕರಾಗ ಒಂದು ಸಾಧ್ಯತೆ. ಇನ್ನೊಂದು ಮಗು ಬೇಕಂದ್ರ ಮೊದಲ ಜೆನೆಟಿಕ್ ಕೌನ್ಸೆಲಿಂಗ್ ಮಾಡಸ್ರಿ, ಬಸಿರಿನ್ಯಾಗನ ಪರೀಕ್ಷೆ ಮಾಡಾಕ ಬರತೈತಿ. ನನ್ನ ಮಗನಿಗೆ ಮೆಲಾಸ್ ಅನ್ನೂ ಇನ್ನೊಂದು ಮೈಟೊಕಾಂಡ್ರಿಯಾ ಕಾಯಿಲೆ, ಮೈಟೊಕಾಂಡ್ರಿಯಾ ಡಿಎನ್‌ಎದ 3243ನೇ ಜಾಗದ ಬದಲಾವಣೆ, ಅದು ತಾಯಿ ಕಡಿಂದನ ಬಂದೈತಿ. ಹಂಗಂತ ನನ್ನ ಹೆಂಡತಿ ಏನ್ ತಪ್ಪು ಮಾಡ್ಯಾಳ? ಯಾರರೆ ಆಕಿಗೆ ಹಂಗ ಅಂದ್ರ ನಾನು ಅಲ್ಲೇ ಎದ್ದು ನಿಂತು ಉತ್ತರ ಕೊಡತೀನಿ. ನಿಮ್ಮ ಯಜಮಾನರಿಗೂ ಇದನ್ನ ಓದಸ್ರಿ.

ಇನ್ನ ವಾಲ್‌ಪ್ರೊಯೇಟ್. ಫಿಟ್ಸ್‌ಗೆ ಅದು ಛಲೋ ಔಷಧನ, ಅದಕ್ಕ ಡ್ಯೂಟಿ ಡಾಕ್ಟರು ಮೊದಲ ಅದರ ಹೆಸರು ಹೇಳೂದು ಸಹಜ. ಆದ್ರ ಅದು ಮೈಟೊಕಾಂಡ್ರಿಯಾ ಕೆಲಸಕ್ಕ ಅಡ್ಡ ಬರತೈತಿ, ಕೊಬ್ಬನ್ನ ಮೈಟೊಕಾಂಡ್ರಿಯಾದೊಳಗ ಒಯ್ಯೂ ಕಾರ್ನಿಟಿನ್ ಇಳಸತೈತಿ. ಮೈಟೊಕಾಂಡ್ರಿಯಾ ಡಿಎನ್‌ಎ ನಕಲು ಮಾಡೂ ಪೋಲ್ಜಿ (POLG) ಜೀನಿನ ದೋಷ ಇದ್ದ ಮಕ್ಕಳಿಗೆ ಲಿವರ್ ಪೂರಾ ಕೆಟ್ಟು ಜೀವಕ್ಕ ಅಪಾಯ, ಅವರಿಗೆ ಕೊಡೂ ಹಂಗ ಇಲ್ಲ. ಉಳಿದ ಮೈಟೊ ಮಕ್ಕಳಿಗೂ ಬ್ಯಾರೆ ದಾರಿ ಇರೂತನಾ ತಪ್ಪಸತಾರ. ಲೆವೆಟಿರಾಸೆಟಮ್ ಹೆಚ್ಚಾಗಿ ಕಿಡ್ನಿಯಿಂದ ಹೊರಗ ಹೋಗತೈತಿ, ಲಿವರಿಗೆ ಭಾರ ಕಡಿಮಿ.

ಫೈಲ್ ತೋರಸಬ್ಯಾಡ್ರಿ, ಒಂದ ಹಾಳಿ ತೋರಸ್ರಿ. ನಿಮ್ಮ ನ್ಯೂರಾಲಜಿಸ್ಟ್ ಕಡಿಂದ ಅವರ ಲೆಟರ್‌ಹೆಡ್‌ನ್ಯಾಗ, ಸಹಿ-ಶಿಕ್ಕಾ ಹಾಕಿಸಿ ಎಮರ್ಜೆನ್ಸಿ ಪತ್ರ ತಗೋರಿ. ರೋಗದ ಹೆಸರು, ತೂಕ, ಈಗಿನ ಡೋಸ್, ಫಿಟ್ಸ್ ಬಂದ್ರ ಮೊದಲ ಯಾವ ಔಷಧ ಎರಡನೇದು ಯಾವುದು, ಯಾವುದು ಬ್ಯಾಡ, ಯಾವ ಸಲೈನ್. ವಾಂತಿ ಆದ್ರ ಎಷ್ಟು ಹೊತ್ತಿನೊಳಗ ಮತ್ತ ಕೊಡಬೇಕು ಅನ್ನೂದನ್ನೂ ಅದರಾಗನ ಬರಸ್ರಿ, ನಾವ ಅಂದಾಜಿಲೆ ಕೊಡೂದಲ್ಲ. ಮೇಲಿಂದ ಮ್ಯಾಲೆ ವಾಂತಿ ಆದ್ರ ಫಿಟ್ಸ್ ದಾರಿ ಕಾಯದ ದವಾಖಾನಿಗೆ ಹೋಗೂದು ಒಳ್ಳೇದು. ಈ ಮಕ್ಕಳು ಉಪವಾಸ ತಡಿಯೂದಿಲ್ಲ.

ನನ್ನ ಮಗನ ಪತ್ರದಾಗ ಡೆಕ್ಸ್ಟ್ರೋಸ್ (ಸಕ್ಕರಿ ಸಲೈನ್) ಹಾಕ್ರಿ, ರಿಂಗರ್ ಲ್ಯಾಕ್ಟೇಟ್ (ಲ್ಯಾಕ್ಟೇಟ್ ಇರೂ ಸಲೈನ್) ಬ್ಯಾಡ ಅಂತ ಐತಿ. ಅದನ್ನ ಹಂಗ ಕಾಪಿ ಮಾಡಬ್ಯಾಡ್ರಿ! ಸಕ್ಕರಿಯಿಂದ ಶಕ್ತಿ ತಗಿಯೂ ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವದ ಕೊರತೆ ಇದ್ದ ಮಕ್ಕಳಿಗೆ ಡೆಕ್ಸ್ಟ್ರೋಸ್ ಹೆಚ್ಚಾದ್ರ ರಕ್ತದಾಗ ಲ್ಯಾಕ್ಟೇಟ್ ಅನ್ನೂ ಆಮ್ಲ ಏರತೈತಿ. ಮಗು ಮಗೂಗೂ ಪತ್ರ ಬ್ಯಾರೆ.

ಮೂಗಿಗೆ ಹೊಡಿಯೂ ಮಿಡಜೋಲಮ್ ಸ್ಪ್ರೇ ನಿಮ್ಮ ಹತ್ತಿರ ಐತೇನು? ಇಲ್ಲಂದ್ರ ಕೇಳ್ರಿ. ಫಿಟ್ಸ್ ಐದು ನಿಮಿಷ ದಾಟಿದ್ರ ಕೊಡೂದು, 108ಕ್ಕ ಫೋನ್ ಹಚ್ಚೂದು. ಮಗ್ಗಲಾಗಿ ಮಲಗಸ್ರಿ. ಕೈಯಾಗ ಕೀಲಿಕೈ ಕೊಡೂದು, ಉಳ್ಳಾಗಡ್ಡಿ ಮೂಸಸೂದು ಯಾವುದೂ ಬ್ಯಾಡ, ಬಾಯಾಗ ಏನೂ ಹಾಕಬ್ಯಾಡ್ರಿ.

ವಿಜಯಪುರದ ಔಷಧ ಅಂಗಡಿಯವ:

ಮಾಸ್ತರ ಮಾತಿಗೆ ಒಂದು ಸೇರಸತೀನ್ರಿ. ಸೋಡಿಯಂ ವಾಲ್‌ಪ್ರೊಯೇಟ್, ವಾಲ್‌ಪ್ರೊಯಿಕ್ ಆಸಿಡ್, ಡೈವಾಲ್‌ಪ್ರೊಯೆಕ್ಸ್, ಮೂರೂ ಅದೇ ಔಷಧ. ಪತ್ರದಾಗ ಮೂರೂ ಹೆಸರು ಇರಲಿ. ಬಾಟಲಿ ಮ್ಯಾಲಿನ ಕಂಪನಿ ಹೆಸರು ನೋಡಿ ಮೋಸ ಹೋಗಬ್ಯಾಡ್ರಿ, ಒಳಗಿನ ಔಷಧದ ಹೆಸರು ಓದ್ರಿ.

ಸಿರಪ್ ಚಮಚೆಯಿಂದ ಕೊಡಬ್ಯಾಡ್ರಿ, ಸೂಜಿ ಇಲ್ಲದ ಸಿರಿಂಜಿಲೆ ಅಳದು ಕೊಡ್ರಿ. ಲೆವೆಟಿರಾಸೆಟಮ್ ಸಿರಪ್ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ ಇರತೈತಿ, ಅರ್ಧ ಎಂಎಲ್ ತಪ್ಪಿದ್ರೂ ಸಣ್ಣ ಕೂಸಿಗೆ ಫರಕ್ ಬೀಳತೈತಿ. ಬಾಟಲಿ ತೀರೂ ಮುಂಚೆ ಒಂದು ವಾರದಷ್ಟು ಕೈಯಾಗ ಇಟ್ಟಿರ್ರಿ, ಯಾಕಂದ್ರ ಒಮ್ಮೆಲೆ ನಿಂತ್ರ ಫಿಟ್ಸ್ ಜೋರಾಗಿ ಬರತಾವ. ಸಾಧ್ಯ ಆದಷ್ಟು ಒಂದ ಕಂಪನಿದು ತಗೋರಿ. ನಮ್ಮ ಕಡಿ ಬ್ಯಾಸಗಿ ಬಿಸಲಿನ್ಯಾಗ ಗಾಡಿ ಡಿಕ್ಕಿಯೊಳಗ ಇಡಬ್ಯಾಡ್ರಿ.

ಬೆಳಗಾವಿಯ ಅವ್ವ:

ತಂಗಿ, ಸಿಟ್ಟಿನ ವಿಷಯ ನನಗ ಗೊತ್ತೈತಿ. ನನ್ನ ಮಗ ಗ್ವಾಡಿಗೆ ತಲಿ ಹಾಯತಿದ್ದ. ಅದು ಕೂಸಿನ ಹಟ ಅಲ್ಲ, ಲೆವೆಟಿರಾಸೆಟಮ್‌ನ ಗೊತ್ತಿರೂ ಅಡ್ಡ ಪರಿಣಾಮ. ನಮ್ಮ ಡಾಕ್ಟರು ವಿಟಮಿನ್ ಬಿ6 ಕೊಟ್ಟು ನೋಡಿದ್ರು, ಕೆಲವು ಮಕ್ಕಳಿಗೆ ಅನುಕೂಲ ಆಗತೈತಿ, ನನ್ನ ಮಗ ಸ್ವಲ್ಪ ತಣ್ಣಗಾದ. ನೀ ಆಕಿ ಕೈ ಕಡಕೊಳ್ಳೂದನ್ನ ಒಂದು ವಿಡಿಯೋ ಮಾಡಿ ಡಾಕ್ಟರಿಗೆ ತೋರಸವಾ, ಬಾಯಿಲೆ ಹೇಳಿದ್ರ ಅವರಿಗೆ ಅದರ ಜೋರು ತಿಳಿಯೂದಿಲ್ಲ. ಸಿಟ್ಟಂತ ಸಿರಪ್ ಮಾತ್ರ ನೀನಾಗ ಕಡಿಮಿ ಮಾಡಬ್ಯಾಡ.

ಮುಧೋಳದ ತಾಯಿ:

ಎಲ್ಲರಿಗೂ ಭಾಳ ಉಪಕಾರ್ರಿ. ಮಾಸ್ತರ ಬರದದ್ದನ್ನ ಯಜಮಾನರಿಗೆ ಓದಿ ಹೇಳಿದೆ, ಅವರ ಹೋಗಿ ತಮ್ಮ ಅವ್ವಗ ಹೇಳಿದ್ರು. ಪತ್ರಕ್ಕ ಡಾಕ್ಟರಿಗೆ ಕೇಳೇವಿ. ಮುಂದಿನ ತಿಂಗಳು ಆಕಿ ಹಲ್ಲು ತಗಸೂದೈತಿ, ಮತ್ತು ಬರಸಿ (ಅನಸ್ತೇಷಿಯಾ ಕೊಟ್ಟು) ತಗಿತಾರಂತ. ಮುಂಚಿನ ರಾತ್ರಿಯಿಂದ ಏನೂ ಕೊಡಬ್ಯಾಡ ಅಂದಾರ, ಹೆದರಿಕಿ ಆಗತೈತಿ.

ಗೋಕಾಕದ ಮಾಸ್ತರ:

ಇಡೀ ರಾತ್ರಿ ಖಾಲಿ ಹೊಟ್ಟಿ ಬ್ಯಾಡ ಅಂತ ಮತ್ತು ಬರಸೂ ಡಾಕ್ಟರ ಜೋಡಿ ಮೊದಲ ಕುಂತು ಮಾತಾಡ್ರಿ. ಮುಂಜಾನೆ ಮೊದಲನೇ ಪಾಳಿ ಕೇಳ್ರಿ, ಕಾಯೂ ಹೊತ್ತಿನ್ಯಾಗ ನಿಮ್ಮ ಪತ್ರದಾಗ ಇದ್ದ ಸಲೈನ್ ಹಚ್ಚಾಕ ಹೇಳ್ರಿ. ಪ್ರೊಪೊಫಾಲ್ ಅನ್ನೂ ಮತ್ತು ಬರಸೂ ಔಷಧ ಭಾಳ ಹೊತ್ತು ಹರಸೂದನ್ನ ಈ ಮಕ್ಕಳಿಗೆ ತಪ್ಪಸತಾರ, ಅದನ್ನೂ ಪತ್ರದಾಗ ಸೇರಸಾಕ ನ್ಯೂರಾಲಜಿಸ್ಟ್‌ಗೆ ಹೇಳ್ರಿ. ಮುಂಜಾನೆ ಲೆವೆಟಿರಾಸೆಟಮ್ ಡೋಸ್ ಬಿಡಬೇಕೋ ಕೊಡಬೇಕೋ ಅನ್ನೂದನ್ನ ಬರವಣಿಗ್ಯಾಗ ತಗೋರಿ.