ಮೊದಲ ಗಿಡದ ಅಕ್ವೇರಿಯಂ: ಬೋರ್‌ವೆಲ್ ನೀರಲ್ಲಿ ಆಗುತ್ತಾ?

ಪ್ರಶ್ನೆ (ಬೆಂಗಳೂರು, ವೈಟ್‌ಫೀಲ್ಡ್ ಕಡೆ)

2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ಟ್ಯಾಂಕ್ ತಂದಿದ್ದೇನೆ. ಗಿಡಕ್ಕೆ ಇಂಗಾಲದ ಡೈಆಕ್ಸೈಡ್ ಕೊಡುವ ಸಿಒ2 ಸಿಲಿಂಡರ್, ದುಬಾರಿ ಲೈಟ್ ಯಾವುದೂ ಬೇಡ. ನಿಜವಾದ ಗಿಡ, ಒಂದಿಷ್ಟು ಸಣ್ಣ ಮೀನು ಇದ್ದರೆ ಸಾಕು. ನಮಗೆ ಬರುವುದು ಬೋರ್‌ವೆಲ್ ನೀರು, ಬಕೆಟ್ ತುಂಬ ಬಿಳಿ ಕಲೆ. ಆರ್‌ಒ ನೀರೇ ಹಾಕಬೇಕು ಅಂತ ಒಬ್ಬರು ಹೇಳಿದರು. ನೀವೆಲ್ಲ ಹೇಗೆ ಮಾಡಿದಿರಿ?

ಬೆಂಗಳೂರಿನಿಂದಲೇ

ಬರೀ ಆರ್‌ಒ ನೀರು ಬೇಡ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಚ್ಚುಕಮ್ಮಿ ಇರುವುದೇ ಇಲ್ಲ. ಅವು ಗಿಡಕ್ಕೂ ಬೇಕು, ಮೀನಿಗೂ ಬೇಕು. ನನ್ನದೂ ಬೋರ್‌ವೆಲ್ ನೀರೇ. ನೀರನ್ನು ಬದಲಾಯಿಸುವ ತಾಪತ್ರಯ ಬಿಟ್ಟು, ಈ ನೀರಿಗೆ ಒಗ್ಗುವ ಗಿಡ, ಮೀನುಗಳನ್ನೇ ತರುತ್ತೇನೆ.

ಗಪ್ಪಿ, ಪ್ಲ್ಯಾಟಿ ಮೀನುಗಳು ಇಂಥ ಗಡಸು (ಕ್ಯಾಲ್ಸಿಯಂ, ಮೆಗ್ನೀಸಿಯಂ ಜಾಸ್ತಿ ಇರುವ) ನೀರಲ್ಲೇ ಖುಷಿಯಾಗಿರುತ್ತವೆ. ನಿಯಾನ್ ಟೆಟ್ರಾ ನೋಡಲು ಚೆಂದ, ಆದರೆ ಅದರ ಮೂಲ ಅಮೆಜಾನ್ ಕಡೆಯ ಮೆದು ನೀರು. ಸುಮ್ನೆ ಯಾಕೆ ಅದಕ್ಕೆ ಹಿಂಸೆ?

ಗಿಡಗಳಲ್ಲಿ ಮೊದಲು ವ್ಯಾಲಿಸ್ನೇರಿಯಾ ಹಾಕಿ. ಹುಲ್ಲಿನ ಹಾಗೆ ಉದ್ದುದ್ದ ಎಲೆ. ಗಡಸು ನೀರಲ್ಲಿ ಬೈಕಾರ್ಬೊನೇಟ್ ಜಾಸ್ತಿ ಇರುತ್ತದೆ, ಈ ಗಿಡ ಅದರಿಂದಲೂ ಇಂಗಾಲ ತೆಗೆದುಕೊಳ್ಳಬಲ್ಲದು. ಹಾಗಾಗಿ ಸಿಲಿಂಡರ್ ಇಲ್ಲದಿದ್ದರೂ ಬೆಳೆಯುತ್ತದೆ. ಜೊತೆಗೆ ಹಾರ್ನ್‌ವರ್ಟ್, ಹೈಗ್ರೊಫಿಲಾ. ಅನುಬಿಯಾಸ್ ಮತ್ತು ಜಾವಾ ಫರ್ನ್‌ನ ದಪ್ಪ ಕಾಂಡವನ್ನು ಮಣ್ಣಲ್ಲಿ ಹೂಳಬೇಡಿ, ಕೊಳೆಯುತ್ತದೆ. ದಾರದಿಂದ ಕಟ್ಟಿಗೆಗೋ ಕಲ್ಲಿಗೋ ಕಟ್ಟಿ. ಒಂದೆರಡು ಗಿಡ ಹಾಕಿ ನೋಡೋಣ ಅಂತ ಜಿಪುಣತನ ಮಾಡಿದರೆ ಖಾಲಿ ಜಾಗವನ್ನೆಲ್ಲ ಪಾಚಿ ಹಿಡಿಯುತ್ತದೆ. ಮೊದಲ ದಿನವೇ ಒತ್ತೊತ್ತಾಗಿ ನೆಡಿ.

ಒಂದು ವಿಷಯ ವಿಚಾರಿಸಿ. ಅಪಾರ್ಟ್‌ಮೆಂಟ್‌ನಲ್ಲಿ ಉಪ್ಪು ಹಾಕುವ ಸಾಫ್ಟ್‌ನರ್ ಇದೆಯಾ? ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ. ಇದ್ದರೆ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರನ್ನೇ ಹಿಡಿದುಕೊಳ್ಳಿ. ಟ್ಯಾಂಕರ್ ಅಥವಾ ಕಾವೇರಿ ನೀರಾದರೆ ಕ್ಲೋರಿನ್ ಇರಬಹುದು, ಅದನ್ನು ತೆಗೆಯುವ ಡಿಕ್ಲೋರಿನೇಟರ್ ಹಾಕಿಯೇ ಬಳಸಿ.

ತೂಕ ಮರೆಯಬೇಡಿ. ನಿಮ್ಮ ಟ್ಯಾಂಕ್‌ಗೆ ಅಂಚಿನವರೆಗೆ ಸುಮಾರು 56 ಲೀಟರ್ ಹಿಡಿಯುತ್ತದೆ, ಅಂದರೆ ನೀರೇ 56 ಕೆಜಿ. ಮರಳು, ಗಾಜು ಸೇರಿದರೆ ಇನ್ನೂ ಜಾಸ್ತಿ. ಟಿವಿ ಸ್ಟ್ಯಾಂಡ್ ಮೇಲೆ ಬೇಡ.

ಮೈಸೂರಿನಿಂದ

ಮೇಲಿನವರು ತಳದ ಬಗ್ಗೆ ಹೇಳಲಿಲ್ಲ. ನಾನು ಮಣ್ಣಿನ ಪಕ್ಷ. ಗೊಬ್ಬರ ಸೇರದ ತೋಟದ ಮಣ್ಣು ತಂದು ಜರಡಿ ಹಿಡಿದು, ಕಡ್ಡಿ ಬೇರು ತೆಗೆದು, 1 ಇಂಚು ಹಾಸಿ. ಅದರ ಮೇಲೆ 1 ಇಂಚಿಗಿಂತ ಸ್ವಲ್ಪ ಜಾಸ್ತಿ ದಪ್ಪ ಮರಳು, ತೊಳೆದದ್ದು. ನೀರು ಸುರಿಯುವಾಗ ಮರಳಿನ ಮೇಲೆ ಒಂದು ತಟ್ಟೆ ಇಟ್ಟು ಅದರ ಮೇಲೆ ನಿಧಾನಕ್ಕೆ ಬಿಡಿ, ಇಲ್ಲದಿದ್ದರೆ ಎಲ್ಲ ಕದಡಿ ಕೆಂಪಾಗುತ್ತದೆ. ಸಗಣಿ ಗೊಬ್ಬರ, ಎರೆಹುಳು ಗೊಬ್ಬರ, ನರ್ಸರಿಯ ಪಾಟಿಂಗ್ ಮಿಕ್ಸ್ ಹಾಕಬೇಡಿ. ನೀರಲ್ಲಿ ಕೊಳೆತು ಅಮೋನಿಯ ಬಿಡುತ್ತವೆ.

ಕ್ರಿಪ್ಟೊಕೊರಿನ್ ನೆಟ್ಟರೆ ಎಲೆಗಳು ಕರಗಿ ಹೋಗಬಹುದು. ಸತ್ತಿತು ಅಂತ ಕಿತ್ತು ಬಿಸಾಡಬೇಡಿ. ಬೇರು ಗಟ್ಟಿಯಾಗಿದ್ದರೆ ಮತ್ತೆ ಚಿಗುರುತ್ತದೆ.

ಹುಬ್ಬಳ್ಳಿಯಿಂದ

ಮಣ್ಣಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಮೊದಲ ಟ್ಯಾಂಕಲ್ಲಿ ಗಿಡ ಕಿತ್ತು ಜಾಗ ಬದಲಾಯಿಸುವ ಆಸೆ ಎಲ್ಲರಿಗೂ ಬರುತ್ತದೆ. ಒಂದು ಗಿಡ ಕಿತ್ತರೂ ಕೆಳಗಿನ ಮಣ್ಣು ಮೇಲೆ ಬರುತ್ತದೆ. ಬರೀ ಒರಟು ಮರಳು ಹಾಕಿ, ಬೇರಿನ ಬಳಿ ರೂಟ್ ಟ್ಯಾಬ್ (ಗಿಡದ ಗೊಬ್ಬರದ ಗುಳಿಗೆ) ಹುಗಿಯಿರಿ. ಸ್ವಲ್ಪ ಖರ್ಚು ಜಾಸ್ತಿ, ತಲೆನೋವು ಕಮ್ಮಿ. ಅಲಂಕಾರಕ್ಕೆ ಚಿಪ್ಪು, ಅಮೃತಶಿಲೆ ಚೂರು ಹಾಕಬೇಡಿ, ಮೊದಲೇ ಗಡಸಾದ ನೀರು ಇನ್ನೂ ಗಡಸಾಗುತ್ತದೆ. ಅನುಮಾನ ಇದ್ದ ಕಲ್ಲಿನ ಮೇಲೆ ನಿಂಬೆರಸ ಹಿಂಡಿ. ನೊರೆ ಬಂದರೆ ಅದನ್ನು ಹೊರಗಿಡಿ.

ಮಂಗಳೂರಿನಿಂದ

ನಮ್ಮ ಕಥೆ ಉಲ್ಟಾ. ಕೆಂಪು ಕಲ್ಲಿನ ಬಾವಿ, ನೀರು ಮೆದು, ಸ್ವಲ್ಪ ಹುಳಿ. ಬಸವನಹುಳುವಿನ ಚಿಪ್ಪೇ ಸವೆದು ಬೆಳ್ಳಗಾಗುತ್ತಿತ್ತು. ಹುಬ್ಬಳ್ಳಿಯವರು ಬೇಡ ಅಂದ ಆ ಚಿಪ್ಪಿನ ಚೂರನ್ನೇ ನಾನು ಬೇಕಂತಲೇ ಫಿಲ್ಟರ್‌ನಲ್ಲಿ ಇಟ್ಟಿದ್ದೇನೆ! ಬೇರೆ ಊರಿನವರು ಇದನ್ನು ಓದುತ್ತಿದ್ದರೆ, ಮೊದಲು ನಿಮ್ಮ ನೀರನ್ನು ಟೆಸ್ಟ್ ಸ್ಟ್ರಿಪ್‌ನಲ್ಲಿ ನೋಡಿ, ಆಮೇಲೆ ಯಾರ ಮಾತು ಕೇಳಬೇಕು ಅಂತ ತೀರ್ಮಾನಿಸಿ.

ಪ್ರಶ್ನೆ ಕೇಳಿದವರು

ಸಾಫ್ಟ್‌ನರ್ ಇಲ್ಲವಂತೆ. ಮರಳು, ರೂಟ್ ಟ್ಯಾಬ್ ದಾರಿಯೇ ಸರಿ ಅನಿಸುತ್ತಿದೆ. ಮೀನು ಯಾವಾಗ ಬಿಡಬಹುದು? ಮಗಳು ದಿನಾ ಕೇಳುತ್ತಾಳೆ. ‘ಮಿಸ್ ಕೇರಳ’ ಅಂತ ಒಂದು ಮೀನು ತೋರಿಸಿದರು, ತುಂಬ ಚೆನ್ನಾಗಿದೆ.

ಬೆಂಗಳೂರಿನಿಂದಲೇ

ಅದು ಡೆನಿಸನ್ ಬಾರ್ಬ್, ನಮ್ಮ ಪಶ್ಚಿಮ ಘಟ್ಟದ್ದೇ ಮೀನು. ಸುಮಾರು 15 ಸೆಂ.ಮೀ. ಬೆಳೆಯುತ್ತದೆ, ಗುಂಪಲ್ಲಿ ಓಡಾಡುತ್ತದೆ. 2 ಅಡಿಯಲ್ಲಿ ಸಾಕುವ ಮೀನಲ್ಲ. ಅಳಿವಿನಂಚಿನಲ್ಲೂ ಇದೆ. ಗೋಲ್ಡ್‌ಫಿಶ್ ಕೂಡ ಬೇಡ, ಗಿಡಗಳನ್ನೆಲ್ಲ ಮೇಯ್ದುಬಿಡುತ್ತದೆ.

ಯಾವಾಗ ಅನ್ನುವುದು ಕ್ಯಾಲೆಂಡರ್ ನೋಡಿ ಹೇಳುವ ವಿಷಯ ಅಲ್ಲ. ಮೀನಿನ ಹೊಲಸು, ಉಳಿದ ಆಹಾರದಿಂದ ಅಮೋನಿಯ ಬರುತ್ತದೆ. ಒಂದು ಜಾತಿ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷ. ಇನ್ನೊಂದು ಜಾತಿ ಅದನ್ನು ನೈಟ್ರೇಟ್ ಮಾಡುತ್ತದೆ, ಅದು ಅಷ್ಟು ತೊಂದರೆ ಕೊಡುವುದಿಲ್ಲ. ಈ ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ಗಿಡಗಳು ಅಮೋನಿಯವನ್ನು ನೇರವಾಗಿಯೂ ಹೀರುತ್ತವೆ, ಅದಕ್ಕೇ ಒತ್ತೊತ್ತಾಗಿ ನೆಡಿ ಅಂದದ್ದು. ಪಿಎಚ್ ಜಾಸ್ತಿ ಇರುವ, ಅಂದರೆ ಕ್ಷಾರೀಯ ನೀರಲ್ಲಿ ಅಮೋನಿಯದ ವಿಷವೂ ಜಾಸ್ತಿ, ನಮ್ಮಂಥ ಬೋರ್‌ವೆಲ್‌ನವರು ಇಲ್ಲಿ ಆತುರ ಪಡಬಾರದು.

ಎರಡು ದಿನಕ್ಕೊಮ್ಮೆ ಚಿಟಿಕೆ ಮೀನಿನ ಆಹಾರ ಹಾಕುತ್ತಾ ಇರಿ. ಆಹಾರ ಹಾಕುತ್ತಿದ್ದರೂ ಟೆಸ್ಟ್ ಮಾಡಿದಾಗ ಅಮೋನಿಯ, ನೈಟ್ರೈಟ್ ಎರಡೂ ಸತತವಾಗಿ ಸೊನ್ನೆ ತೋರಿಸಿ, ಗಿಡದಲ್ಲಿ ಹೊಸ ಎಲೆ ಬಂದ ಮೇಲೆ ನಾಲ್ಕೈದು ಗಪ್ಪಿ ಬಿಡಿ. ಗಂಡುಗಳನ್ನಷ್ಟೇ ತನ್ನಿ, ಇಲ್ಲದಿದ್ದರೆ ಕೆಲವೇ ತಿಂಗಳಲ್ಲಿ ಟ್ಯಾಂಕ್ ತುಂಬ ಮರಿ. ಅಲ್ಲಿಯವರೆಗೆ ಮಗಳಿಗೆ ಬಸವನಹುಳು ತೋರಿಸಿ. ಗಿಡದ ಜೊತೆ ಹೇಗೂ ಬಂದೇ ಬರುತ್ತದೆ.

ರಾಯಚೂರಿನಿಂದ

ಯಾರೂ ಕರೆಂಟ್ ಬಗ್ಗೆ ಮಾತಾಡಲಿಲ್ಲವಲ್ಲ! ಸ್ಪಾಂಜ್ ಫಿಲ್ಟರ್, ಏರ್ ಪಂಪ್ ಸಾಕು. ಆದರೆ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ಪೈಪಿಗೆ ಚೆಕ್ ವಾಲ್ವ್ ಹಾಕಿ. ಕರೆಂಟ್ ಹೋದಾಗ ಪೈಪಿನೊಳಗೆ ನೀರು ಹಿಂದಕ್ಕೆ ಹರಿದು ಪಂಪ್‌ಗೆ ಇಳಿಯುತ್ತದೆ, ಅಲ್ಲಿಂದ ನೆಲಕ್ಕೆ.

ಬೇಸಿಗೆಯಲ್ಲಿ ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಮ್ಮಿ. ನಾನು ಮುಚ್ಚಳ ತೆಗೆದು ಮೇಲಿಂದ ಸಣ್ಣ ಫ್ಯಾನ್ ಗಾಳಿ ಬಿಡುತ್ತೇನೆ. ನೀರು ಆವಿಯಾಗಿ ತಂಪಾಗುತ್ತದೆ. ಆದರೆ ಆವಿಯಾಗುವುದು ನೀರು ಮಾತ್ರ, ಸುಣ್ಣದ ಅಂಶ ಒಳಗೇ ಉಳಿಯುತ್ತದೆ. ಹಾಗಾಗಿ ಕಮ್ಮಿಯಾದಷ್ಟು ನೀರು ತುಂಬಿಸಲು ಆರ್‌ಒ ನೀರು ಬಳಸುತ್ತೇನೆ. ನಿಮಗೆ ಆರ್‌ಒ ಹೇಳಿದವರ ಮಾತಿಗೆ ಇಷ್ಟು ಜಾಗ ಕೊಡಬಹುದು.

ಲೈಟ್ ದಿನಕ್ಕೆ 6ರಿಂದ 8 ಗಂಟೆ, ಟೈಮರ್ ಹಾಕಿ. ಕಿಟಕಿ ಬಿಸಿಲು ಬೀಳುವ ಕಡೆ ಟ್ಯಾಂಕ್ ಬೇಡ. ಪಾಚಿ ಬಂದರೆ ಮೇಲೆ ಒಂದೆರಡು ಅಂತರಗಂಗೆ ತೇಲಿಸಿ, ಗೊಬ್ಬರವನ್ನೂ ಬೆಳಕನ್ನೂ ಅದೇ ಹಿಡಿದುಕೊಳ್ಳುತ್ತದೆ. ಬೇಗ ಹರಡುವ ಗಿಡ ಅದು. ಹೆಚ್ಚಾದದ್ದನ್ನು ಕೆರೆಗೋ ರಾಜಕಾಲುವೆಗೋ ಎಸೆಯಬೇಡಿ, ಬಿಸಿಲಲ್ಲಿ ಪೂರ್ತಿ ಒಣಗಿಸಿ ಕುಂಡದ ಗಿಡಕ್ಕೆ ಹಾಕಿ.